ಮಗ ತೆಗೆಸಿಬಿಡು ಅಂತಾನೆ, ನನಗೆ ಮಡಿಯ ಚಿಂತೆ

ಪ್ರಶ್ನೆ: ನನಗೆ 64 ವರ್ಷ. ಊರ ದೇವಸ್ಥಾನದಲ್ಲಿ ಎರಡು ಹೊತ್ತು ಪೂಜೆ ಮಾಡುತ್ತೇನೆ. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್) 7 ಬಂತು, ಬಯಾಪ್ಸಿಯಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ) 6, ಅಂದರೆ ಕಡಿಮೆ ಉಗ್ರ. ಬೇರೆಲ್ಲೂ ಹರಡಿಲ್ಲವಂತೆ. ಆಪರೇಷನ್, ರೇಡಿಯೇಷನ್, ಇಲ್ಲವೇ ಸದ್ಯಕ್ಕೆ ಪರೀಕ್ಷೆ ಮಾಡಿಸುತ್ತಾ ಕಾಯುವುದು, ಯಾವುದೂ ಆಗಬಹುದು ಎಂದರು ಡಾಕ್ಟರು. ಮಗ ‘ತೆಗೆಸಿಬಿಡು ಅಪ್ಪಯ್ಯ’ ಅಂತಾನೆ. ಮೂತ್ರ ಸೋರಿದರೆ ಮಡಿಯಲ್ಲಿ ಗರ್ಭಗುಡಿಗೆ ಹೋಗುವುದು ಹೇಗೆ? ಹೆಂಡತಿ ಜೊತೆಗಿನ ಸಂಬಂಧದ ಬಗ್ಗೆಯೂ ಭಯ. ಮಗನ ಮುಂದೆ ಕೇಳಲಾಗಲಿಲ್ಲ.
ಓದುಗ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಭಯ ಸಣ್ಣದಲ್ಲ, ಕೇಳಲು ನಾಚಿಕೆಯೂ ಬೇಡ. ಕ್ಯಾನ್ಸರ್ ಅಂದ ಕೂಡಲೇ ಮನೆಯವರಿಗೆ ಜೀವ ಉಳಿದರೆ ಸಾಕು ಅನಿಸುತ್ತದೆ, ಆದರೆ ಆಮೇಲೆ ಒದ್ದೆ ಪಂಚೆ ಬದಲಿಸುವವರು ನೀವು, ಅಲ್ವಾ?

ಬ್ರಿಟನ್ನಿನಲ್ಲಿ ರೋಗ ಹರಡದಿದ್ದ, 50ರಿಂದ 69 ವಯಸ್ಸಿನ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಈ ಮೂರು ದಾರಿಗೆ ಹಂಚಿ 15 ವರ್ಷ ಗಮನಿಸಿದರು. ಫಲಿತಾಂಶ ಬಂದಿದ್ದು 2023ರಲ್ಲಿ. ಯಾವ ದಾರಿ ಸಿಕ್ಕಿದವರಲ್ಲೂ ಈ ಕ್ಯಾನ್ಸರ್‌ನಿಂದ ತೀರಿಕೊಂಡವರು 100ಕ್ಕೆ ಸುಮಾರು 2ರಿಂದ 3 ಜನ. ಆದರೆ ಆಪರೇಷನ್ ಗುಂಪಿನಲ್ಲಿ 12 ವರ್ಷದ ನಂತರವೂ 100ಕ್ಕೆ 24 ಜನ ಸೋರಿಕೆಗೆ ಪ್ಯಾಡ್ ಹಾಕುತ್ತಿದ್ದರು. ಕಾದವರಲ್ಲಿ 11, ರೇಡಿಯೇಷನ್‌ನವರಲ್ಲಿ 8. ರೇಡಿಯೇಷನ್ ತಗೊಂಡ ಕೆಲವರಿಗೆ ಮಲ ಸೋರುವ ತೊಂದರೆ ಇತ್ತು, ಅದೂ ನಿಮ್ಮ ಮಡಿಗೆ ಆಗಿಬರುವುದಲ್ಲ. ನಿಮಿರುವಿಕೆ ಆಪರೇಷನ್ ಆದ ಮೇಲೆ ಬೇಗ ಮತ್ತು ಜಾಸ್ತಿ ಕುಗ್ಗಿತು. ವಯಸ್ಸಾದಂತೆ ಉಳಿದವರಲ್ಲೂ ಕಮ್ಮಿಯಾಯಿತು.

ಹಾಗಂತ ಸುಮ್ನೆ ಕೂರುವುದಲ್ಲ. ರೋಗ ಹರಡಿದ್ದು ಕಾದವರಲ್ಲೇ ಜಾಸ್ತಿ, 100ಕ್ಕೆ 9. ಉಳಿದೆರಡರಲ್ಲಿ ಸುಮಾರು 5. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಚಿಕಿತ್ಸೆ ತಗೊಂಡರು. ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ, ಇವನ್ನು ತಪ್ಪಿಸದೆ ಮಾಡಿಸುವವರಿಗೆ ಮಾತ್ರ ಈ ದಾರಿ. ಜಾತ್ರೆ, ಅಡಿಕೆ ಕೊಯ್ಲು ಅಂತ ಮುಂದೂಡಬೇಡಿ.

ನೀವು ಬರೆದದ್ದು ನೋಡಿದರೆ, ಮೊದಲು ಕಾಯುವುದೇ ನಿಮಗೆ ಹೊಂದುತ್ತದೆ ಅಂತ ನನಗನಿಸುತ್ತದೆ. ಆದರೆ ಒಳಗೆ ಕ್ಯಾನ್ಸರ್ ಇದೆ ಅನ್ನೋ ಯೋಚನೆಗೇ ರಾತ್ರಿ ನಿದ್ದೆ ಬಾರದಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಈ ವಾರವೇ ತೀರ್ಮಾನಿಸಬೇಕಿಲ್ಲ. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಹೋಗಿ, ಮಗ ಹತ್ತು ನಿಮಿಷ ಹೊರಗೆ ಕೂರಲಿ. ‘ನೀವು ಆಪರೇಷನ್ ಮಾಡಿದವರಲ್ಲಿ ವರ್ಷ ಕಳೆದರೂ ಪ್ಯಾಡ್ ಬಿಡಲಾಗದವರು ಎಷ್ಟು ಜನ?’ ಅಂತ ಡಾಕ್ಟರನ್ನೇ ಕೇಳಿ. ಆಪರೇಷನ್ನೇ ಅಂತಾದರೆ, ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವಿನ ಕೆಗೆಲ್ ವ್ಯಾಯಾಮವನ್ನು ಮುಂಚೆಯೇ ಕಲಿತಿರಿ.