ಸೈಕಲ್ಲಿನ ಹಿಂದಿನ ಚಕ್ರ ಬ್ರೇಕಿಗೆ ತಾಗುತ್ತಿದೆ, ಯಾವ ಕಡ್ಡಿ ಎಷ್ಟು ಟೈಟ್ ಮಾಡಬೇಕು?

‘ಟೈಟ್ ಮಾಡಿದಷ್ಟೂ ಬೆಂಡ್ ಬೇರೆ ಕಡೆ ಹೋಗುತ್ತಿದೆ’ ಅಂತ ಬರೆದಿದ್ದೀರಲ್ಲ, ಓದಿದ ತಕ್ಷಣ ನನ್ನ ಹಳೇ ಚಕ್ರ ನೆನಪಾಯಿತು. ಮೊದಲು ಕಡ್ಡಿ ತಿರುಗಿಸುವ ಆ ಸ್ಪೋಕ್ ಕೀ ಕೆಳಗಿಡಿ.

ನನ್ನದೂ ಹಿಂದಿನ ಚಕ್ರವೇ. 36 ಕಡ್ಡಿ. 18 ಹಬ್‌ನ (ಚಕ್ರದ ನಡುವಿನ ಭಾಗ) ಎಡಕ್ಕೆ, 18 ಬಲಕ್ಕೆ. ರಿಮ್, ಅಂದರೆ ಟೈರ್ ಕೂರುವ ಬಳೆ, ಬಲಕ್ಕೆ ವಾಲಿದರೆ ಎಡಗಡೆ ಕಡ್ಡಿ ಟೈಟ್ ಮಾಡಬೇಕು, ಎಡಕ್ಕೆ ವಾಲಿದರೆ ಬಲಗಡೆಯದು. ನನಗೆ ಗೊತ್ತಿದ್ದದ್ದು ಇಷ್ಟೇ. ಮೊದಲ ಬೆಂಡ್ ಐದು ನಿಮಿಷದಲ್ಲಿ ಹೋಯಿತು. ಓಹೋ, ಇಷ್ಟೇನಾ ಅನ್ನಿಸಿತು. ಚಕ್ರ ತಿರುಗಿಸಿ ನೋಡಿದರೆ ಇನ್ನೊಂದು ಕಡೆ ಬೆಂಡ್. ಅದನ್ನೂ ಟೈಟ್ ಮಾಡಿ ತೆಗೆದೆ. ಆಮೇಲೆ ಮೂರನೆಯದು. ಸಂಜೆಯಿಡೀ ಇದೇ ಕೆಲಸ. ಒಂದೇ ಒಂದು ಕಡ್ಡಿಯನ್ನೂ ಲೂಸ್ ಮಾಡಲಿಲ್ಲ. ಲೂಸ್ ಮಾಡಿದರೆ ಚಕ್ರದ ಗಟ್ಟಿತನ ಹೋಗುತ್ತೆ ಅನ್ನೋ ಭಯ.

ಎಡವಟ್ಟಾಗಿದ್ದು ಅಲ್ಲೇ. ಕಡ್ಡಿ ರಿಮ್ಮನ್ನು ಪಕ್ಕಕ್ಕೆ ಎಳೆಯುವುದು ತುಂಬಾ ಕಡಿಮೆ. ಅದರ ಎಳೆತವೆಲ್ಲ ಹೆಚ್ಚುಕಡಿಮೆ ನಡುವಿನ ಹಬ್ ಕಡೆಗೇ. ನಾನು ಒಂದೊಂದು ಸಲ ಟೈಟ್ ಮಾಡಿದಾಗಲೂ ರಿಮ್ಮನ್ನು ಸುತ್ತಲಿಂದ ಹಿಂಡುತ್ತಿದ್ದೆ. ಹಿಂಡಿ ಹಿಂಡಿ ಒಂದು ಮಿತಿ ದಾಟಿದ ಮೇಲೆ ಅದು ತಡೆಯಲಾರದೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಅಲ್ಲಿಯವರೆಗೂ ನೋಡೋಕೆ ನೆಟ್ಟಗೇ ಇರುತ್ತೆ, ಅದೇ ಮೋಸ. ಮಾರನೇ ದಿನ ಒಂದು ಸಣ್ಣ ಗುಂಡಿಗೆ ಇಳಿಸಿದೆ. ಢಣ್ ಅಂತ ಸದ್ದು. ಇಳಿದು ನೋಡಿದರೆ ಚಕ್ರ ಎಂಟಂಕಿಯ ಹಾಗೆ ತಿರುಚಿ ಫ್ರೇಮಿಗೆ ಸಿಕ್ಕಿಕೊಂಡಿದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದೆ.

ಹಾಗಾಗಿ ‘ಎಷ್ಟು ಟೈಟ್’ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಎಲ್ಲಿ ಲೂಸ್ ಮಾಡಬೇಕು ಅಂತ ಕೇಳಿ. ರಿಮ್ ಬಲಕ್ಕೆ ವಾಲಿದ ಜಾಗದಲ್ಲಿ ಬಲಗಡೆ ಕಡ್ಡಿ ಕಾಲು ಸುತ್ತು ಲೂಸ್, ಪಕ್ಕದ ಎಡಗಡೆ ಕಡ್ಡಿ ಕಾಲು ಸುತ್ತು ಟೈಟ್. ಕೊಟ್ಟಷ್ಟೇ ತಗೊಳ್ಳೋದು. ಕಾಲು ಸುತ್ತು ಏನೂ ಸಾಲದು ಅನ್ನಿಸುತ್ತೆ, ಅಲ್ವಾ? ಸಾಮಾನ್ಯ 2 ಮಿ.ಮೀ. ಕಡ್ಡಿಯಲ್ಲಿ ನಿಪ್ಪಲ್ (ರಿಮ್ ಕಡೆ ಕಡ್ಡಿಯ ತುದಿಯಲ್ಲಿರುವ, ಕೀ ಹಾಕಿ ತಿರುಗಿಸುವ ನಟ್ಟು) ಪೂರ್ತಿ ಒಂದು ಸುತ್ತಿಗೆ ಸರಿಯುವುದೇ ಸುಮಾರು 0.45 ಮಿ.ಮೀ. ಬೇಕಾಗಿರುವುದೂ ಅಂಥ ಸಣ್ಣ ಬದಲಾವಣೆಯೇ. ನಾನು ಒಂದೊಂದಕ್ಕೆ ಎರಡೆರಡು ಸುತ್ತು ಕೊಡುತ್ತಿದ್ದೆ!

ತಿರುಗಿಸುವ ದಿಕ್ಕಿನಲ್ಲಿ ಎಲ್ಲರೂ ಒಮ್ಮೆ ಯಾಮಾರುತ್ತಾರೆ. ಟೈರ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಟೈಟ್. ಹಬ್ ಕಡೆಯಿಂದ ನೋಡಿದರೆ ಉಲ್ಟಾ ಕಾಣುತ್ತದೆ.

ಕಡ್ಡಿಯ ಬಿಗಿ ಅಳೆಯುವ ಟೆನ್ಷನ್ ಮೀಟರ್, ಚಕ್ರ ಕೂರಿಸಿ ನೋಡುವ ಸ್ಟ್ಯಾಂಡ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಈಗ ಬೇಡ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಬ್ರೇಕ್ ಶೂ ಮತ್ತು ರಿಮ್ ನಡುವಿನ ಸಂದಿ ನೋಡುತ್ತಾ ಹೋಗಿ. ಕಡ್ಡಿಗಳನ್ನು ತಂತಿ ಮೀಟಿದ ಹಾಗೆ ಬೆರಳಲ್ಲಿ ಮೀಟಿ ಸದ್ದು ಕೇಳಿ. ಬಲಗಡೆಯದನ್ನು ಬಲಗಡೆಯವುಗಳ ಜೊತೆ ಮಾತ್ರ ಹೋಲಿಸಿ. ಗೇರ್ ಇರುವ ಹಿಂದಿನ ಚಕ್ರದಲ್ಲಿ ಗೇರ್ ಕಡೆಯವು, ಅಂದರೆ ಬಲಗಡೆಯವು, ಜಾಸ್ತಿ ಟೈಟಾಗೇ ಇರಬೇಕು. ಎರಡೂ ಕಡೆ ಒಂದೇ ಸದ್ದು ಬರಲಿ ಅಂತ ಹೊರಟರೆ ಚಕ್ರ ನಡುವಿನಿಂದ ಪಕ್ಕಕ್ಕೆ ಸರಿದುಬಿಡುತ್ತದೆ.

ನೀವು ಈಗಾಗಲೇ ಜಾಸ್ತಿ ಬಿಗಿದಿದ್ದೀರಿ ಅನ್ನಿಸುತ್ತೆ. ಎಲ್ಲ ಕಡ್ಡಿಗಳನ್ನೂ ಅರ್ಧರ್ಧ ಸುತ್ತು ಲೂಸ್ ಮಾಡಿ ಮತ್ತೆ ಶುರು ಮಾಡಿ. ಬಲಕ್ಕೆ ವಾಲಿದ ಜಾಗದಲ್ಲಿ ಬಲಗಡೆ ಕಡ್ಡಿಗಳು ಆಗಲೇ ಸಡಿಲವಾಗಿ ಜೋತು, ಎಡಗಡೆಯವು ಕಲ್ಲಿನಂತೆ ಬಿಗಿಯಾಗಿದ್ದರೆ ಬೆಂಡ್ ಇರುವುದು ರಿಮ್ಮಿನಲ್ಲೇ. ಅದಕ್ಕೆ ಹೊಸ ರಿಮ್ಮೇ ಬೇಕು, ಸುಮ್ನೆ ಸಂಜೆ ಹಾಳು ಮಾಡಿಕೊಳ್ಳಬೇಡಿ.