ಪ್ರಶ್ನೋತ್ತರ: ಚಂದಾ ಕೊಟ್ಟವರೆಲ್ಲ ಓದುವುದಿಲ್ಲ

(ಗಡಿನಾಡಿನ ಓದು, ಬರಹ, ಪತ್ರಿಕೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಕುಂಬಳೆಯಲ್ಲಿ ಬಹುಕಾಲ ಅಚ್ಚುಕೂಟ ನಡೆಸಿ ಈಗ ವಿಶ್ರಾಂತರಾಗಿರುವ ನಮ್ಮ ಅಂಕಣಕಾರರ ಉತ್ತರ)

ಪ್ರಶ್ನೆ: ನಾವು ಐವರು ಗೆಳೆಯರು ಬಾಯಾರಿನಿಂದ ಎಂಟು ಪುಟಗಳ ಮಾಸಪತ್ರಿಕೆಯೊಂದನ್ನು ಹೊರತರುತ್ತಿದ್ದೇವೆ. 300 ಪ್ರತಿ ಅಚ್ಚಾಗುತ್ತದೆ, ವರ್ಷಕ್ಕೆ 120 ರೂಪಾಯಿ ಚಂದಾ. ಮೊದಲ ವರ್ಷ ಕೇಳಿದವರೆಲ್ಲ ಕೊಟ್ಟರು. ಈ ವರ್ಷ ನವೀಕರಿಸಿದವರು ಅರ್ಧದಷ್ಟೂ ಇಲ್ಲ. ಪತ್ರ ಬರೆಯುವವರಂತೂ ಒಬ್ಬರೂ ಇಲ್ಲ. ಎರಡು ಸಂಚಿಕೆಗಳನ್ನು ಇದರೊಂದಿಗೆ ಕಳುಹಿಸಿದ್ದೇನೆ. ಓದುಗರನ್ನು ಹೆಚ್ಚಿಸಿಕೊಂಡು ಅವರದೊಂದು ಬಳಗ ಕಟ್ಟುವುದು ಹೇಗೆ?
– ಶಾಲಾ ಅಧ್ಯಾಪಕ, ಬಾಯಾರು, ಕಾಸರಗೋಡು ಜಿಲ್ಲೆ

ಉತ್ತರ: ಮಾಸ್ತರೇ, ಎರಡೂ ಸಂಚಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಚ್ಚು ಚೊಕ್ಕಟವಾಗಿದೆ, ಅಕ್ಷರದೋಷ ಕಡಿಮೆ. ಅಚ್ಚುಕೂಟದವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇನ್ನು ಒಳಗಿನ ಸರಕಿನ ಮಾತು. ಒಂದು ಸಂಚಿಕೆಯ ಮೊದಲ ಪುಟದಲ್ಲಿ ಗಡಿನಾಡಿನಲ್ಲಿ ಕನ್ನಡ ಅಳಿಯುತ್ತಿದೆ ಎಂಬ ಸಂಪಾದಕೀಯ. ಇನ್ನೊಂದರಲ್ಲೂ ಅದೇ, ತಲೆಬರಹ ಮಾತ್ರ ಬೇರೆ. ನಡುವೆ ನಾಲ್ಕು ಕವಿತೆಗಳು, ಒಂದು ಸನ್ಮಾನದ ವರದಿ, ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ ಒಂದು ಲೇಖನ. ಮದ್ರಾಸು ಸರಕಾರ 1949ರಲ್ಲಿ ಪೈಗಳಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು ಎಂದು ಬರೆದಿದ್ದೀರಿ. ನಿಜ. ಆದರೆ ಮಂಜೇಶ್ವರ ತಾಲೂಕಿನ ನಿಮ್ಮ ಓದುಗ ಅದನ್ನು ಪ್ರಾಥಮಿಕ ಶಾಲೆಯಲ್ಲೇ ಭಾಷಣ ಸ್ಪರ್ಧೆಗೆ ಕಂಠಪಾಠ ಮಾಡಿದ್ದಾನೆ. ಬಹುಶಃ ಮಾಡಿಸಿದವರೂ ನೀವೇ.

ಮೊದಲ ವರ್ಷ ನಿಮ್ಮ ಕೈಸೇರಿದ್ದು ವಂತಿಗೆ. ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ರಶೀದಿ ಪುಸ್ತಕ ಹಿಡಿದು ಬಂದವರಿಗೆ ಕೊಡುವಂತೆ ಜನ ಕನ್ನಡದ ಹೆಸರಿನಲ್ಲಿ ಕೈಯೆತ್ತಿ ಕೊಟ್ಟರು. ಬ್ರಹ್ಮಕಲಶ ನಡೆಯುವುದು ಹನ್ನೆರಡು ವರ್ಷಕ್ಕೊಮ್ಮೆ. ನೀವು ಮರುವರ್ಷವೇ ರಶೀದಿ ಪುಸ್ತಕದೊಂದಿಗೆ ಅಂಗಳಕ್ಕೆ ಬಂದಿರಿ. ನನ್ನ ಅಚ್ಚುಕೂಟದಲ್ಲಿ ಇಂಥ ಅಭಿಮಾನದ ಪತ್ರಿಕೆಗಳು ಎಷ್ಟೋ ಹುಟ್ಟಿದವು. ಬಿಡುಗಡೆಯ ಸಂಚಿಕೆಗೆ ದಪ್ಪ ಕಾಗದ, ಎರಡು ಬಣ್ಣದ ಮುಖಪುಟ. ಮೂರನೆಯ ಸಂಚಿಕೆಯ ಹೊತ್ತಿಗೆ ಸಂಪಾದಕರು ಹಳೆಯ ಬಾಕಿಗೆ ಹೆದರಿ ನಮ್ಮ ಬೀದಿಯನ್ನೇ ಬಳಸದಂತಾಗುತ್ತಿದ್ದರು.

ನಿಮ್ಮ ಚಂದಾದಾರರ ಪಟ್ಟಿಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಮನೆಯೊಳಗೆ ಕನ್ನಡ ಮಾತಾಡುವವರು ಅದರಲ್ಲಿ ಎಷ್ಟು ಮಂದಿ? ತುಳುವಿನವರು, ಬ್ಯಾರಿಗಳು, ಕೊಂಕಣಿಯವರು, ಮರಾಠಿಯವರು, ಹವ್ಯಕರು, ಮಲಯಾಳಂ ಮನೆಮಾತಿನವರು, ಎಲ್ಲರೂ ಇರುತ್ತಾರೆ. ಕಾಸರಗೋಡಿನಲ್ಲಿ ಕನ್ನಡ ಬಹುಮಂದಿಗೆ ಶಾಲೆಯಲ್ಲಿ ಕಲಿತ ಭಾಷೆ, ಲೆಕ್ಕ ಬರೆಯುವ ಭಾಷೆ, ಯಕ್ಷಗಾನ ಕೇಳುವ ಭಾಷೆ. ‘ಕನ್ನಡಿಗರೇ ಎದ್ದೇಳಿ’ ಎಂದು ನೀವು ಬರೆದಾಗ ಕನ್ನಡ ಶಾಲೆಯಲ್ಲಿ ಓದಿದ ಉಪ್ಪಳದ ಬ್ಯಾರಿ ವ್ಯಾಪಾರಿ ಅದು ತನಗೆ ಹೇಳಿದ್ದೆಂದು ತಿಳಿಯುವುದಿಲ್ಲ. ಅವನು ನಿಮ್ಮ ಓದುಗನಾಗಬಲ್ಲ; ಅವನನ್ನು ಹೊರಗೆ ನಿಲ್ಲಿಸಿದ್ದು ನಿಮ್ಮ ಸಂಪಾದಕೀಯ. ಕನ್ನಡ ಓದಬಲ್ಲವರ ಬಳಗ ಕಟ್ಟಿ. ಕನ್ನಡಿಗರು ಯಾರು ಎಂಬ ಲೆಕ್ಕವನ್ನು ಸಭೆಯ ಭಾಷಣಕಾರರಿಗೆ ಬಿಡಿ, ಅವರಿಗೂ ಕೆಲಸ ಬೇಕು.

ಹಾಗಾದರೆ ಏನು ಅಚ್ಚು ಹಾಕಬೇಕು? ನಿಮ್ಮದು ಸುರಂಗಗಳ ಊರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹೊರತರುವ ಈ ವಿದ್ಯೆ ಬಾಯಾರು, ಪೆರ್ಲ, ಪಡ್ರೆ ಕಡೆಯಷ್ಟು ದಟ್ಟವಾಗಿ ಬೇರೆಲ್ಲಿದೆ? ದೂರದಿಂದ ಸಂಶೋಧಕರು ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ. ನಿಮ್ಮ ಎಂಟು ಪುಟಗಳಲ್ಲಿ ಅದರ ಸುದ್ದಿಯೇ ಇಲ್ಲ. ಮುಂದಿನ ಸಂಚಿಕೆಯಲ್ಲಿ ಇಷ್ಟೇ ಕೇಳಿ: ‘ನಿಮ್ಮ ಮನೆಯ ಸುರಂಗ ಎಷ್ಟು ಕೋಲು ಉದ್ದ? ಕೊರೆದವರು ಯಾರು? ಏಪ್ರಿಲ್ ಕೊನೆಯಲ್ಲಿ ನೀರು ಇರುತ್ತದೆಯೇ?’ ಉತ್ತರ ಬರೆಯಲು ಗೆರೆ ಎಳೆದ ಹಾಳೆಯನ್ನು ಹಾಲಿನ ಸೊಸೈಟಿಯಲ್ಲಿ, ಪಡಿತರ ಅಂಗಡಿಯಲ್ಲಿ, ಪೇಟೆಯ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಇಡಿ. ಪೆನ್ನನ್ನು ದಾರದಲ್ಲಿ ಕಟ್ಟಿ ಇಡಿ, ಇಲ್ಲದಿದ್ದರೆ ಸಂಜೆಯೊಳಗೆ ಮಾಯವಾಗುತ್ತದೆ.

ಬಂದ ಉತ್ತರಗಳನ್ನು ಉತ್ತರಿಸಿದವರ ಹೆಸರಿನೊಡನೆ, ಮನೆಯಿರುವ ಜಾಗದ ಹೆಸರಿನೊಡನೆ ಅಚ್ಚು ಹಾಕಿ. ಎರಡು ಸಾಲೇ ಇದ್ದರೂ ಹಾಕಿ, ನಿಮ್ಮ ಸಾಹಿತ್ಯಕ ಭಾಷೆಗೆ ತಿದ್ದಬೇಡಿ. ಕೋಲಿನ ಅಳತೆಯನ್ನು ಮೀಟರಿಗೆ ಬದಲಿಸಲೂ ಬೇಡಿ. ತನ್ನ ಅಜ್ಜ ಕೊರೆಸಿದ ಸುರಂಗದ ಮಾತು ಅಚ್ಚಾದ ಹೆಂಗಸು ಆ ಸಂಚಿಕೆಯನ್ನು ತವರಿಗೆ ಒಂದು, ಮಂಗಳೂರಿನ ಮಗನಿಗೆ ಒಂದು ಎಂದು ಕೇಳಿ ಪಡೆಯುತ್ತಾಳೆ. ಪಕ್ಕದ ಮನೆಯವರು ‘ಅದು ಅಷ್ಟು ಉದ್ದವಿಲ್ಲ, ನಮ್ಮದೇ ಉದ್ದ’ ಎಂದು ಜಗಳಕ್ಕೆ ಬಂದರೆ ಇನ್ನೂ ಒಳ್ಳೆಯದು, ಅದನ್ನೂ ಹಾಕಿ. ನೀವು ಕಾಯುತ್ತಿರುವ ಓದುಗರ ಪತ್ರ ಬರುವುದು ಹೀಗೆಯೇ ಹೊರತು ‘ನಿಮ್ಮ ಅನಿಸಿಕೆ ಬರೆದು ತಿಳಿಸಿ’ ಎಂಬ ಕೊನೆಯ ಪುಟದ ಚೌಕದಿಂದಲ್ಲ. ಅನಿಸಿಕೆ ಕೇಳಿದರೆ ಜನರಿಗೆ ಪರೀಕ್ಷೆಗೆ ಕುಳಿತಂತಾಗುತ್ತದೆ. ತಾವು ಕಂಡು ಉಂಡದ್ದನ್ನು ಕೇಳಿದರೆ ನಿಲ್ಲಿಸುವುದೇ ಇಲ್ಲ.

ಇದು ನನ್ನ ಕಲ್ಪನೆಯಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ರೂಪಿಸಿದ ಶ್ರೀಪಡ್ರೆಯವರು ನಿಮ್ಮ ಮಗ್ಗುಲಿನ ಎಣ್ಮಕಜೆ ಪಂಚಾಯತಿನವರು. ‘ಕೃಷಿಕರ ಕೈಗೆ ಲೇಖನಿ’ ಎಂಬುದು ಅದರ ಹಾದಿ. ತೋಟದವನೇ ತನ್ನ ತೋಟದ ಅನುಭವ ಬರೆಯಬೇಕು. ಬರೆಯಲು ಬಾರದವರಿಗೆ ಶಿಬಿರ ನಡೆಸಿ ಕಲಿಸಿದರು. ಲೇಖನದ ಕೊನೆಗೆ ಸಂಪರ್ಕದ ವಿವರ. ಹಲಸಿನ ಹಪ್ಪಳದ ಬಗ್ಗೆ ಓದಿದವನು ನೇರವಾಗಿ ಹಪ್ಪಳ ಮಾಡಿದವನನ್ನೇ ಕೇಳಬಹುದು, ಸಂಪಾದಕರ ಅಪ್ಪಣೆ ಬೇಕಿಲ್ಲ. ಬಳಗ ಕಟ್ಟುವುದೆಂದರೆ ನನ್ನ ಮಟ್ಟಿಗೆ ಇಷ್ಟೇ: ಓದುಗರು ನಿಮ್ಮನ್ನು ಬಿಟ್ಟು ಪರಸ್ಪರ ಮಾತಾಡತೊಡಗಬೇಕು. ಕೆಲವು ಸಂಪಾದಕರಿಗೆ ಇದು ಸೇರುವುದಿಲ್ಲ, ನಡುವೆ ತಾವಿರಬೇಕೆಂಬ ಆಸೆ.

ಸಂಪಾದಕೀಯ ತೆಗೆದ ಜಾಗಕ್ಕೂ ಒಂದು ಕೆಲಸವಿದೆ. ಪಂಚಾಯತಿನಿಂದ, ಗ್ರಾಮ ಕಚೇರಿಯಿಂದ ಬರುವ ಕಾಗದಗಳು ಮಲಯಾಳಂನಲ್ಲಿರುತ್ತವೆ. ಹಳೆಯ ತಲೆಮಾರಿಗೆ ಅದು ಓದಲು ಬಾರದು. ಆ ತಿಂಗಳ ಮುಖ್ಯ ಪ್ರಕಟಣೆಗಳನ್ನು ಸರಳ ಕನ್ನಡದಲ್ಲಿ ಕೊಡಿ. ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ‘ನಮ್ಮ ಹಕ್ಕು’ ಎಂದು ಪುಟ ತುಂಬಿಸುವ ಬದಲು ಕತ್ತರಿಸಿ ಬಳಸಬಹುದಾದ ಒಂದು ಅರ್ಜಿಯ ಮಾದರಿ ಅಚ್ಚು ಹಾಕಿ. ಆ ಸಂಚಿಕೆಯನ್ನು ಯಾರೂ ಹಪ್ಪಳ ಒಣಗಿಸಲು ಹಾಸುವುದಿಲ್ಲ.

ಸಾಹಿತಿಗಳಿಗೆ ಕಳಿಸುವ ಗೌರವ ಪ್ರತಿಗಳನ್ನು ನಿಲ್ಲಿಸಿ, ಅಷ್ಟನ್ನೂ ಉಪ್ಪಳ ಕಡೆಯ ಕ್ಷೌರದ ಅಂಗಡಿ, ಔಷಧ ಅಂಗಡಿ, ವೈದ್ಯರ ಚಿಕಿತ್ಸಾಲಯಗಳಲ್ಲಿ ಇಡಿ. ಕಾಯುತ್ತಾ ಕುಳಿತವನು ಜಾಹೀರಾತನ್ನೂ ಓದುತ್ತಾನೆ. ಜನ ಸೇರಿಸಬೇಕೆಂದು ನಿಮಗೆ ಆಸೆಯಿದ್ದರೆ ಹೊಸ ವೇದಿಕೆ ಹಾಕಿಸಬೇಡಿ. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ಆರಂಭಿಸಿದ ಗ್ರಂಥಶಾಲಾ ಚಳವಳಿಯ ಫಲವಾಗಿ ಕೇರಳದ ಊರೂರಲ್ಲಿ ವಾಚನಾಲಯಗಳಿವೆ. ಅವರ ಸ್ಮರಣೆಯ ವಾಚನ ದಿನ ಜೂನ್ 19ರಂದು. ಅಂದು ಏನಾದರೊಂದು ಕಾರ್ಯಕ್ರಮ ಬೇಕೆಂದು ವಾಚನಾಲಯದವರು ಹುಡುಕುತ್ತಿರುತ್ತಾರೆ. ಸುರಂಗದ ಉತ್ತರಗಳನ್ನು ಬರೆದವರಿಂದಲೇ ಓದಿಸುತ್ತೇವೆ ಎಂದು ಹೇಳಿ ನೋಡಿ. ಹಾರ, ಶಾಲು, ಸ್ವಾಗತ ಭಾಷಣ ಬೇಡ. ಅವಲಕ್ಕಿ, ಚಹಾ ಸಾಕು.

ಒಂದು ಒಣ ಮಾತು. ನಿಯತವಾಗಿ ಅಚ್ಚಾಗಿ ಸಾರ್ವಜನಿಕ ಸುದ್ದಿ, ಅದರ ಮೇಲಿನ ಟಿಪ್ಪಣಿ ಪ್ರಕಟಿಸುವ ಪತ್ರಿಕೆಗೆ ನೋಂದಣಿ ಬೇಕು. 1867ರ ಹಳೆಯ ಕಾಯಿದೆ ಹೋಗಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಿಮ್ಮ ಸಂಚಿಕೆಯಲ್ಲಿ ನೋಂದಣಿ ಸಂಖ್ಯೆ ಕಾಣಲಿಲ್ಲ. ಓದುಗರು ಹೆಚ್ಚುವ ಮೊದಲು ಅದನ್ನು ಮುಗಿಸಿಕೊಳ್ಳಿ.

ಪ್ರಶ್ನೆ: ತಾಳವಾಡಿಯ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ಕನ್ನಡ ಓದಿನ ಕೂಟ ನಡೆಸುತ್ತೇನೆ. ಆರಂಭದಲ್ಲಿ ಇಪ್ಪತ್ತು ಜನ ಬರುತ್ತಿದ್ದರು, ಈಗ ಆರು. ಮಕ್ಕಳು ಬರುವುದೇ ಇಲ್ಲ. ನಿಲ್ಲಿಸಿಬಿಡಲೇ?
– ಓದುಗರು, ತಾಳವಾಡಿ, ಈರೋಡ್ ಜಿಲ್ಲೆ

ಉತ್ತರ: ಅಮ್ಮಾ, ನಿಲ್ಲಿಸಬೇಡಿ, ಆದರೆ ಓದುವುದನ್ನು ನೀವು ನಿಲ್ಲಿಸಿ. ನಿಮ್ಮ ಪತ್ರದಿಂದ ತಿಳಿಯುವಂತೆ ಪುಸ್ತಕ ಆರಿಸುವವರು ನೀವು, ಓದುವವರು ನೀವು, ಅರ್ಥ ಹೇಳುವವರೂ ನೀವು. ಉಳಿದವರಿಗೆ ಚಹಾ ಕುಡಿಯುವುದೊಂದೇ ಪಾಲು. ಇರುವ ಆರು ಮಂದಿಗೆ ಒಂದೊಂದು ವಾರ ಹಂಚಿ. ಒಬ್ಬರು ಪಂಚಾಂಗ ಓದಿದರೂ, ಇನ್ನೊಬ್ಬರು ಅರಿಶಿನದ ಬೆಳೆಯ ಕರಪತ್ರ ಓದಿದರೂ ಸಹಿಸಿಕೊಳ್ಳಿ. ತನ್ನ ಸರದಿಯ ವಾರ ಮನುಷ್ಯ ತಪ್ಪಿಸಿಕೊಳ್ಳುವುದಿಲ್ಲ, ಕೇಳಲು ಮನೆಯವರನ್ನೂ ಕರೆತರುತ್ತಾನೆ.

ಮಕ್ಕಳ ವಿಷಯ ಬೇರೆ. ತಮಿಳುನಾಡಿನಲ್ಲಿ 2006ರ ಕಾಯಿದೆಯ ನಂತರ ಶಾಲೆಗಳಲ್ಲಿ ತಮಿಳು ಕಡ್ಡಾಯ. ನಿಮ್ಮೂರಿನ ಎಷ್ಟೋ ಮಕ್ಕಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬಾರದು. ದೊಡ್ಡವರ ಕೂಟದಲ್ಲಿ ಕೂರಿಸಿದರೆ ನಾಚಿಕೊಂಡು ಓಡಿಹೋಗುತ್ತಾರೆ. ಅವರಿಗೆ ಅಜ್ಜಿಯರಿಂದ ಒಗಟು, ಗಾದೆ, ಸೋಬಾನೆ ಪದ ಕೇಳಿ ತರುವ ಕೆಲಸ ಕೊಡಿ. ತಮಿಳು ಲಿಪಿಯಲ್ಲಿ ಬರೆದುಕೊಂಡು ಬಂದರೂ ಬೈಯಬೇಡಿ. ಅದನ್ನು ಅವರ ಎದುರಿಗೇ ಕನ್ನಡ ಅಕ್ಷರದಲ್ಲಿ ಬರೆದು ತೋರಿಸಿ.

ಪ್ರಶ್ನೆ: ನಮ್ಮ ಹೊಸ ತ್ರೈಮಾಸಿಕಕ್ಕೆ ಗಣ್ಯರ ಶುಭಾಶಯಗಳನ್ನು ಬರೆಸಿ ಮೊದಲ ಎರಡು ಪುಟಗಳಲ್ಲಿ ಹಾಕಿದರೆ ಓದುಗರಲ್ಲಿ ವಿಶ್ವಾಸ ಹೆಚ್ಚುತ್ತದೆಯೇ?
– ಸಂಪಾದಕ, ಜತ್ತ, ಸಾಂಗಲಿ ಜಿಲ್ಲೆ

ಉತ್ತರ: ಇಲ್ಲ. ಆ ಎರಡು ಪುಟಗಳಲ್ಲಿ ಒಂದಕ್ಕೆ ಜತ್ತದಿಂದ ವಿಜಯಪುರದ ಕಡೆ ಹೋಗುವ ಬಸ್ಸುಗಳ ವೇಳೆ ಹಾಕಿ. ಇನ್ನೊಂದಕ್ಕೆ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳ ಹೆಸರು, ಅವರು ಬರೆದ ನಾಲ್ಕು ಸಾಲು. ಗಣ್ಯರು ಬಿಡುವುದೇ ಇಲ್ಲವೆಂದಾದರೆ ಅವರ ಶುಭಾಶಯವನ್ನು ಜಾಹೀರಾತಿನ ದರಕ್ಕೆ ಸ್ವೀಕರಿಸಿ, ಹಣ ಮುಂಗಡವಾಗಿ.