ಶೋರೂಮ್ ಸರ್ವಿಸ್ಸೋ, ಊರ ಗ್ಯಾರೇಜೋ?

ಓದುಗರ ಪತ್ರ: ನಾನು ಸಾಗರದ ಹತ್ತಿರ ಹೈಸ್ಕೂಲ್ ಮೇಷ್ಟ್ರು. 4 ವರ್ಷದ ಹಿಂದೆ ಕೊಂಡ ಸಣ್ಣ ಪೆಟ್ರೋಲ್ ಕಾರು ಇದೆ. 38,000 ಕಿಲೋಮೀಟರ್ ಓಡಿದೆ. 5 ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದೇನೆ. ಈ ಸಲ ಶಿವಮೊಗ್ಗದ ಕಂಪನಿ ಸರ್ವಿಸ್‌ನಲ್ಲಿ 11,400 ರೂಪಾಯಿ ಬಿಲ್ ಆಯಿತು. ಊರ ಗ್ಯಾರೇಜಿನವರು 4,500ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ಹೊರಗೆ ಬಿಟ್ಟರೆ ವಾರಂಟಿ ಹೋಗುತ್ತದೆ ಅಂತ ಶೋರೂಮಿನವರು ಹೇಳುತ್ತಾರೆ. ಏನು ಮಾಡಲಿ? ಇಷ್ಟು ವರ್ಷದ ಬಿಲ್ಲುಗಳನ್ನು ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಬಿಲ್ಲುಗಳನ್ನು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಒಂದೊಂದನ್ನೂ ಎರಡು ಸಲ ಓದಿದೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅವುಗಳಲ್ಲೇ ಇದೆ.

ಈ ಸಲದ 11,400ರಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಲೇಬರ್, ವಾಶ್ ಸೇರಿ 6,550 ರೂಪಾಯಿ. ಇದರಲ್ಲಿ ತಕರಾರಿಲ್ಲ. ಉಳಿದ 4,850 ಐದು ಸಾಲುಗಳದ್ದು. ಎಂಜಿನ್ ಫ್ಲಶ್ (ಎಂಜಿನ್ ಒಳಗನ್ನು ತೊಳೆಯುವುದು), ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಷನ್, ಎಂಜಿನ್ ರೂಮ್ ಕೋಟಿಂಗ್, ಪೆಟ್ರೋಲಿಗೆ ಹಾಕುವ ಅಡಿಟಿವ್. ಈಗ ಕಾರಿನ ಜೊತೆ ಬಂದ ಮ್ಯಾನ್ಯುಯಲ್ ತೆಗೆಯಿರಿ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಏನನ್ನು ಬದಲಿಸಬೇಕು, ಏನನ್ನು ಬರೀ ನೋಡಿದರೆ ಸಾಕು ಅಂತ ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಕಾರು ಮಾಡಿದವರೇ ಬರೆದ ಪಟ್ಟಿ ಅದು. ಈ ಐದರಲ್ಲಿ ಯಾವುದು ಅಲ್ಲಿದೆ ಅಂತ ನೀವೇ ಹುಡುಕಿ. ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾ ಬಂದ ಎಂಜಿನ್‌ಗೆ ಫ್ಲಶ್ ಬೇಕಿಲ್ಲ. ನಿಂತಾಗ ಎಂಜಿನ್ ಏರಿಳಿದು ನಡುಗಿದರೆ ಥ್ರಾಟಲ್ ತೊಳೆಸಬೇಕು. ಇಲ್ಲದಿದ್ದರೆ ಸುಮ್ನೆ ಖರ್ಚು.

ಅದಕ್ಕಿಂತ ನನಗೆ ಬೇಸರವಾಗಿದ್ದು ಬೇರೆ ವಿಷಯಕ್ಕೆ. ನಾಲ್ಕು ವರ್ಷದ ಬಿಲ್ಲುಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿದ್ದು ಎಲ್ಲೂ ಇಲ್ಲ. ಹೆಚ್ಚಿನ ಕಾರುಗಳಿಗೆ ಇದನ್ನು 2 ವರ್ಷಕ್ಕೊಮ್ಮೆ ಬದಲಿಸಲು ಹೇಳಿರುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಿಮ್ಮ ಕಡೆಯ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಅಲ್ವಾ? ತೇವ ಸೇರಿದ ಆಯಿಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಕೊಲ್ಲೂರಿಗೆ ಹೋಗುವಾಗ ನಾಗೋಡಿ ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುತ್ತೀರಿ. ಆಗ ಒಳಗೆ ಆವಿ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಕೋಟಿಂಗ್‌ಗೆ ದುಡ್ಡು ಕೊಟ್ಟಿದ್ದೀರಿ, ಪ್ರಾಣಕ್ಕೆ ಸಂಬಂಧಪಟ್ಟ ಕೆಲಸ ಬಾಕಿ ಉಳಿದಿದೆ.

ಅದಕ್ಕೇ ಹೇಳುತ್ತೇನೆ, ಕಾರನ್ನು ಎಲ್ಲಿ ಬಿಡುತ್ತೀರಿ ಅನ್ನುವುದಕ್ಕಿಂತ ಕೈಯಲ್ಲಿ ಆ ಪಟ್ಟಿ ಹಿಡಿದು ಹೋಗುತ್ತೀರಾ ಅನ್ನುವುದು ಮುಖ್ಯ. ಎರಡೂ ಕಡೆ ನನಗೆ ಪೆಟ್ಟು ಬಿದ್ದಿದೆ. ಒಮ್ಮೆ ಕಂಪನಿ ಸರ್ವಿಸ್‌ನಲ್ಲಿ ಏರ್ ಫಿಲ್ಟರ್ ಬದಲಿಸಿದ್ದೇವೆ ಅಂತ ಬಿಲ್ ಹಾಕಿದ್ದರು. ಮನೆಗೆ ಬಂದು ತೆಗೆದು ನೋಡಿದರೆ ಹಳೇ ಫಿಲ್ಟರ್, ಅದರ ಮೇಲೆ ಒಣಗಿದ ಎಲೆ. ಅವತ್ತಿನಿಂದ ಕಾರು ಬಿಡುವ ಮೊದಲು ಫಿಲ್ಟರಿನ ಅಂಚಿಗೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಇನ್ನೊಮ್ಮೆ ಒಂದು ಹೊರಗಿನ ಗ್ಯಾರೇಜಿನಲ್ಲಿ ಹುಡುಗ ಆಯಿಲ್ ಬಸಿಯುವ ಬೋಲ್ಟನ್ನು ವಿಪರೀತ ಬಿಗಿದು ಥ್ರೆಡ್ ಹಾಳು ಮಾಡಿದ. ತೀರ್ಥಹಳ್ಳಿ ದಾಟಿದ ಮೇಲೆ ಕೆಂಪು ಆಯಿಲ್ ದೀಪ ಹತ್ತಿತು. ಕೂಡಲೇ ಎಂಜಿನ್ ಆಫ್ ಮಾಡಿದ್ದರಿಂದ ಉಳಿಯಿತು. ಆ ದೀಪ ಕಂಡರೆ ಮುಂದಿನ ಊರಿನವರೆಗೆ ಹೋಗೋಣ ಅಂತ ಯೋಚಿಸಲೇಬೇಡಿ.

ಇನ್ನು ವಾರಂಟಿ. ಹೊರಗೆ ಒಮ್ಮೆ ಕೈ ಹಾಕಿಸಿದರೆ ಇಡೀ ವಾರಂಟಿ ಹೋಯಿತು ಅನ್ನುವುದು ನ್ಯಾಯವಲ್ಲ. 2014ರ ಆಗಸ್ಟ್‌ನಲ್ಲಿ, ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಒರಿಜಿನಲ್ ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಮುಖ್ಯ ತಪ್ಪು. ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತಲೂ ಆ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದೇನೇ ಇರಲಿ, ನಿಮ್ಮದು ಈಗ ಎಕ್ಸ್‌ಟೆಂಡೆಡ್ ವಾರಂಟಿ. ಅದರ ಕಾಗದದಲ್ಲಿ ಪ್ರತಿ ಸರ್ವಿಸ್ಸೂ ಕಂಪನಿಯಲ್ಲೇ ಆಗಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಓದಿ ನೋಡಿ. ಉಳಿದಿರುವುದು ಒಂದು ವರ್ಷ. ನಾಳೆ ಸ್ಟೀರಿಂಗ್ ಮೋಟಾರೋ ಎಸಿ ಕಂಪ್ರೆಸರೋ ಕೆಟ್ಟರೆ ಹತ್ತಾರು ಸಾವಿರದ ಮಾತು. ಆ ವರ್ಷ ಶಿವಮೊಗ್ಗಕ್ಕೇ ಹೋಗಿ.

ಆದರೆ ಹೋಗುವ ರೀತಿ ಬದಲಿಸಿ. ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡ್‌ಗೆ ಸಹಿ ಹಾಕುವ ಮೊದಲು "ಮ್ಯಾನ್ಯುಯಲ್‌ನಲ್ಲಿ ಇರುವಷ್ಟು ಮಾಡಿ, ಬೇರೆ ಏನಾದರೂ ಬೇಕಿದ್ದರೆ ಫೋನ್ ಮಾಡಿ" ಅಂತ ಅದರ ಮೇಲೇ ಬರೆಸಿ. ಎಸ್ಟಿಮೇಟ್ ಕೈಗೆ ತೆಗೆದುಕೊಳ್ಳಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ. ಸಂಕೋಚ ಬೇಡ, ಅದು ನಿಮ್ಮದೇ ವಸ್ತು. ಹೇಳದೆ ಬಿಲ್‌ಗೆ ಸೇರಿಸಿದರೆ, ಮಾತಾಡಿದರೂ ತೆಗೆಯದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ವಾರಂಟಿ ಮುಗಿದ ಮೇಲೆ ನಾನಾದರೆ ಊರ ಗ್ಯಾರೇಜಿಗೇ ಹೋಗುತ್ತೇನೆ. 70 ಕಿಲೋಮೀಟರ್ ಹೋಗಿ, ಒಂದು ರಜೆ ಕಳೆದು, ಗಾಜಿನಾಚೆ ಸೋಫಾದಲ್ಲಿ ಕೂರುವುದಕ್ಕಿಂತ ಕೆಲಸ ಮಾಡುವವರ ಪಕ್ಕದಲ್ಲೇ ನಿಂತು ನೋಡುವುದು ದೊಡ್ಡ ಅನುಕೂಲ. ಇಲಿ ವೈರ್ ಕಡಿದಾಗ ಕಂಪನಿಯಲ್ಲಿ ಎಷ್ಟೋ ಸಲ ಇಡೀ ವೈರಿಂಗ್ ಸೆಟ್ ಬದಲಿಸಲು ಹೇಳುತ್ತಾರೆ. ಊರಿನ ಒಳ್ಳೆಯ ಎಲೆಕ್ಟ್ರಿಷಿಯನ್ ಕಡಿದ ಎಳೆಗಳನ್ನಷ್ಟೇ ಹುಡುಕಿ ಬೆಸೆಯುತ್ತಾರೆ.

ಆದರೆ ಆ 4,500ರಲ್ಲಿ ಏನೇನು ಬರುತ್ತದೆ ಅಂತ ಮೊದಲು ಕೇಳಿ. ಯಾವ ಗ್ರೇಡ್ ಆಯಿಲ್ ಹಾಕುತ್ತೀರಿ? ಈಗಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಝೀರೋ ಡಬ್ಲ್ಯು 20ರಂಥ ತೆಳು ಆಯಿಲ್ ಹೇಳಿರುತ್ತಾರೆ. ಡ್ರಮ್ಮಿನಿಂದ ಅಳೆದು ದಪ್ಪ ಆಯಿಲ್ ಸುರಿಯುವವರ ಹತ್ತಿರ ಬಿಡಬೇಡಿ. ಮ್ಯಾನ್ಯುಯಲ್ ತೋರಿಸಿ, ಸೀಲ್ ಇರುವ ಕ್ಯಾನ್ ನಿಮ್ಮೆದುರೇ ಒಡೆಸಿ. ಫಿಲ್ಟರ್, ಬ್ರೇಕ್ ಪ್ಯಾಡ್‌ಗಳ ಡಬ್ಬಿ ನೋಡಿ. ಕಂಪನಿಯ ಹೆಸರೇ ಇರಬೇಕೆಂದಿಲ್ಲ, ಬಾಷ್‌ನಂಥ ತಯಾರಕರದ್ದಾದರೂ ಸರಿ. ಬೆಲೆ, ಪಾರ್ಟ್ ನಂಬರ್ ಇಲ್ಲದ ಡಬ್ಬಿ ಬೇಡ. ಬಿಲ್ ಬರೆಸಿಕೊಳ್ಳಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ.

ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಕೀ ಪ್ರೋಗ್ರಾಮಿಂಗ್ ವಿಷಯ ಬಂದರೆ ಮಾತ್ರ ಆಗಲೂ ಕಂಪನಿಗೇ ಹೋಗಿ. ತಯಾರಿಕೆಯ ದೋಷಕ್ಕೆ ಕಂಪನಿ ರೀಕಾಲ್ ಮಾಡಿದರೆ, ಅಂದರೆ ಕಾರುಗಳನ್ನು ವಾಪಸ್ ಕರೆಸಿದರೆ, ವಾರಂಟಿ ಮುಗಿದಿದ್ದರೂ ಸಾಮಾನ್ಯವಾಗಿ ರಿಪೇರಿ ಉಚಿತ. ಚಾಸಿ ನಂಬರ್ ಕೊಟ್ಟು ವಿಚಾರಿಸಿ.

ಬ್ರೇಕ್ ಆಯಿಲ್‌ಗೆ ಮಾತ್ರ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ಶಿವಮೊಗ್ಗಕ್ಕೆ ಇವತ್ತೇ ಫೋನ್ ಮಾಡಿ, ಮೊದಲು ಸಿಗುವ ರಜೆಗೆ ಸಮಯ ತೆಗೆದುಕೊಳ್ಳಿ. ಅದಾಗುವವರೆಗೆ ಘಾಟಿ ಇಳಿಯಬೇಡಿ. ಕೆಲಸ ಮುಗಿದ ಮೇಲೆ ಆ ಬಿಲ್ಲಿನ ಪ್ರತಿಯನ್ನೂ ನನಗೆ ಕಳಿಸಿ.